ಬಬಿಯಾ ಮೀನು ತಿಂದಿದ್ದರೆ ದೇವರಿಲ್ಲವೇ?

ಕುಂಬಳೆ ಹತ್ತಿರದ ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ತೀರಿಕೊಂಡದ್ದು 2022ರ ಅಕ್ಟೋಬರ್ 9ರಂದು. ಜನ ಸಾಲುಗಟ್ಟಿ ಬಂದು ಅಂತಿಮ ದರ್ಶನ ಪಡೆದರು. ಕ್ಷೇತ್ರದ ಜಾಗದಲ್ಲೇ ಅದನ್ನು ಮಣ್ಣು ಮಾಡಿದರು. ನಮ್ಮ ಕಾಸರಗೋಡಿನ ಕಡೆ ‘ದೇವರಿದ್ದಾನೆ ಅನ್ನುವುದಕ್ಕೆ ಸಾಕ್ಷಿ ಏನು?’ ಎಂದು ಕೇಳಿದರೆ, ಬಬಿಯಾನನ್ನು ತೋರಿಸುವವರು ಈಗಲೂ ಇದ್ದಾರೆ. ಪೂಜೆ ಮುಗಿದ ಮೇಲೆ ಅರ್ಚಕರು ನೀರಿನ ಅಂಚಿಗೆ ಬಂದು ಕರೆಯುತ್ತಿದ್ದರು. ಅದು ಮೆಲ್ಲನೆ ಬಂದು ಬಾಯಿ ತೆರೆಯುತ್ತಿತ್ತು, ಅನ್ನ-ಬೆಲ್ಲದ ನೈವೇದ್ಯ ಬಾಯೊಳಗೆ ಬೀಳುತ್ತಿತ್ತು. ಎಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕಿದರೂ ಕೆರೆಯ ಮೀನನ್ನು ಮುಟ್ಟಲಿಲ್ಲ ಎಂಬುದು ಊರಿನ ಮಾತು.

ಮೊಸಳೆ ಏನು ತಿನ್ನುತ್ತಿತ್ತು ಎಂಬುದನ್ನು ಪರೀಕ್ಷಿಸಿ ಹೇಳಬಹುದು. ಅದಕ್ಕೆ ಉಗುರಿನ ಒಂದು ಚೂರು ಸಾಕು. ಆಹಾರದ ಸಾರಜನಕದಲ್ಲಿ ಹಗುರವಾದ ನೈಟ್ರೋಜನ್-14ರ ಜೊತೆಗೆ ತುಸು ಭಾರದ ನೈಟ್ರೋಜನ್-15 ಕೂಡ ಇರುತ್ತದೆ. ದೇಹ ಹಗುರವಾದದ್ದನ್ನು ಹೆಚ್ಚು ಹೊರಹಾಕುತ್ತದೆ, ಭಾರದ್ದು ಮೈಯಲ್ಲಿ ಉಳಿಯುತ್ತದೆ. ಹಾಗಾಗಿ ಪಾಚಿಯಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನಿಂದ ಮೊಸಳೆಗೆ ಹೋದ ಹಾಗೆ ಪ್ರತಿ ಹಂತದಲ್ಲೂ ಅದರ ಪಾಲು ಸಾಮಾನ್ಯವಾಗಿ ಸಾವಿರಕ್ಕೆ 3ರಿಂದ 4ರಷ್ಟು ಏರುತ್ತದೆ. ಇಂಗಾಲದ ಲೆಕ್ಕ ಇನ್ನೂ ಸೊಗಸು. ಭತ್ತವೂ ಕಬ್ಬೂ ಗಾಳಿಯಿಂದ ಇಂಗಾಲ ಹಿಡಿಯುವ ಕ್ರಮ ಬೇರೆ ಬೇರೆ. ಅದರಿಂದ ಅನ್ನದ ಇಂಗಾಲವನ್ನೂ ಕಬ್ಬಿನ ಬೆಲ್ಲದ ಇಂಗಾಲವನ್ನೂ ಯಂತ್ರ ಬಿಡಿಸಿ ಹೇಳುತ್ತದೆ! ನೈವೇದ್ಯದ ಗುರುತು ಉಗುರಿನಲ್ಲಿ ಸಿಗುತ್ತದೆ ಅನ್ನುವುದು ನನಗೆ ಯಾವ ಪವಾಡಕ್ಕಿಂತಲೂ ಕಡಿಮೆಯದಲ್ಲ.

ಮೊಸಳೆ ಅನ್ನ ತಿಂದದ್ದರಲ್ಲಿ ಅಸಹಜವೇನಿಲ್ಲ. ಮೊಸಳೆ ಜಾತಿಯ 18 ಪ್ರಭೇದಗಳ ಆಹಾರವನ್ನು ಪರಿಶೀಲಿಸಿದ 2013ರ ಅಧ್ಯಯನವೊಂದರಲ್ಲಿ 13 ಪ್ರಭೇದಗಳು ಹಣ್ಣು ತಿನ್ನುವುದು ಕಂಡುಬಂದಿತ್ತು. ಶೀತರಕ್ತದ ಪ್ರಾಣಿಯಾದ್ದರಿಂದ ಅದಕ್ಕೆ ಬೇಕಾಗುವ ಆಹಾರವೂ ಕಡಿಮೆ. ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಆದರೆ ಅಷ್ಟು ದೊಡ್ಡ ಮೈ ಬರೀ ಅನ್ನ-ಬೆಲ್ಲದಲ್ಲಿ ಬೆಳೆಯಿತು ಎಂದರೆ ನಾನು ಒಪ್ಪಲಾರೆ. ಕೆರೆಯಲ್ಲಿ ಮೀನಿತ್ತು, ಮೊಸಳೆ ಹೆಚ್ಚಾಗಿ ಬೇಟೆಯಾಡುವುದು ರಾತ್ರಿ.

ಇರಲಿ, ಉಗುರಿನ ವರದಿ ಬಂತೆಂದೇ ಇಟ್ಟುಕೊಳ್ಳಿ. ಮೀನು ತಿಂದಿತ್ತು ಎಂದು ಗೊತ್ತಾದರೆ ಅನಂತಪದ್ಮನಾಭನ ಯಾವ ಭಕ್ತರು ಬರುವುದನ್ನು ಬಿಡುತ್ತಾರೆ? ತಿಂದಿರಲಿಲ್ಲ ಎಂದಾದರೆ ಯಾವ ನಾಸ್ತಿಕ ಕೈಮುಗಿಯುತ್ತಾನೆ?

ಇದಕ್ಕೊಂದು ಗಣಿತವಿದೆ. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಬರೆದಿಟ್ಟ ಪ್ರಬಂಧ ಅವರು ತೀರಿಕೊಂಡ ಮೇಲೆ, 1763ರಲ್ಲಿ ಅಚ್ಚಾಯಿತು. ಅದನ್ನು ಪ್ರಕಟಣೆಗೆ ಕೊಟ್ಟ ರಿಚರ್ಡ್ ಪ್ರೈಸ್ ಕೂಡ ಪಾದ್ರಿ. ಜಗತ್ತಿನ ವ್ಯವಸ್ಥೆಯನ್ನು ನೋಡಿ ದೇವರಿದ್ದಾನೆ ಎನ್ನುವ ವಾದಕ್ಕೆ ಇದರಿಂದ ಬಲ ಬರುತ್ತದೆ ಎಂದು ಪ್ರೈಸ್ ನಂಬಿದ್ದರು. ಆ ಗಣಿತದ ಪ್ರಕಾರ, ಒಂದು ಹೇಳಿಕೆ ನಿಜವಾಗಿದ್ದರೆ ಸಾಕ್ಷಿ ಕಾಣುವ ಸಂಭವ ಎಷ್ಟು, ಸುಳ್ಳಾಗಿದ್ದರೆ ಎಷ್ಟು ಎಂಬ ಅನುಪಾತವೇ ಆ ಸಾಕ್ಷಿಯ ತೂಕ. ದೇವರಿರುವ ಜಗತ್ತಿನಲ್ಲೂ ಮೊಸಳೆ ಮೀನು ತಿನ್ನಬಹುದು, ದೇವರಿಲ್ಲದ ಜಗತ್ತಿನಲ್ಲೂ ಅನ್ನಕ್ಕೆ ಒಗ್ಗಿಕೊಳ್ಳಬಹುದು. ತಕ್ಕಡಿ ಅಲುಗುವುದೇ ಇಲ್ಲ. ದೇವರ ಇರವನ್ನು ಒಂದು ಪ್ರಾಣಿಯ ಹೊಟ್ಟೆಗೆ ಕಟ್ಟಿಹಾಕುವುದು ಭಕ್ತಿಗೂ ಅನ್ಯಾಯ, ಆ ಮೂಕಜೀವಿಗೂ ಅನ್ಯಾಯ ಎಂದೇ ನನಗನ್ನಿಸುತ್ತದೆ. ಬಬಿಯಾ ಹೋದ ಮೇಲೂ ಜನ ಅನಂತಪುರಕ್ಕೆ ಬಂದರು. ಮಗಳ ಮದುವೆ, ಗಲ್ಫಿನಲ್ಲಿರುವ ಮಗನ ಕೆಲಸ ಎಂದು ಹರಕೆ ಹೊರುವವರಿಗೆ ಮೊಸಳೆಯ ಪ್ರಮಾಣಪತ್ರ ಯಾವತ್ತೂ ಬೇಕಿರಲಿಲ್ಲ.

2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಎಲ್ಲಿಂದ ಬಂತು ಎಂದು ಕೇಳಲೇಬೇಕು. ನಮ್ಮ ಹೊಳೆ-ಕೆರೆಗಳ ಸಿಹಿನೀರಿನ ಮಗರ್ ಜಾತಿಯ ಮೊಸಳೆಗಳು ನೆಲದ ಮೇಲೂ ಕಿಲೋಮೀಟರ್‌ಗಟ್ಟಲೆ ನಡೆಯಬಲ್ಲವು. ಸುತ್ತಲಿನ ಹೊಳೆಗಳಲ್ಲಿ ಸಿಗುವ ಮೊಸಳೆಗಳ ಡಿಎನ್‌ಎ ಜೊತೆ ಇದರದ್ದನ್ನು ಹೋಲಿಸಿದರೆ ಸಂಬಂಧ ತಿಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿರುವುದರಿಂದ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಂಥ ಪರೀಕ್ಷೆಗೆ ಕ್ಷೇತ್ರದವರೇ ಮುಂದಾದರೆ ನನಗೆ ತುಂಬ ಸಂತೋಷ.