ಸತ್ತವರ ಹೆಸರು ಓದಿದ ಬಿಷಪ್

1977ರ ಫೆಬ್ರವರಿಯಲ್ಲಿ ಆಸ್ಕರ್ ರೊಮೆರೊ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ರಾಜಧಾನಿ ಸಾನ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆದಾಗ ಅಲ್ಲಿನ ಜಮೀನ್ದಾರರಿಗೆ ನಿರಾಳವಾಗಿತ್ತು. ಪುಸ್ತಕ ಓದಿಕೊಂಡು ತಮ್ಮ ಪಾಡಿಗೆ ಇರುವ ಸಾಧು ಮನುಷ್ಯ, ಇವರಿಂದ ತೊಂದರೆ ಇಲ್ಲ ಅಂದುಕೊಂಡಿದ್ದರು.

ಒಂದು ತಿಂಗಳೂ ಕಳೆದಿರಲಿಲ್ಲ. ಮಾರ್ಚ್ 12ರಂದು ರೊಮೆರೊ ಅವರ ಗೆಳೆಯ ಫಾದರ್ ರುತಿಲಿಯೊ ಗ್ರಾಂಡೆ ಗುಂಡೇಟಿಗೆ ಬಲಿಯಾದರು. ಜೊತೆಗಿದ್ದ ಒಬ್ಬ ಮುದುಕ, ಒಬ್ಬ ಹುಡುಗನೂ ಸತ್ತರು. ಗ್ರಾಂಡೆ ಕಬ್ಬಿನ ಗದ್ದೆಯ ಕೂಲಿಗಳ ಪರ ನಿಂತಿದ್ದರು. ಆ ರಾತ್ರಿಯೇ ರೊಮೆರೊ ಮೂರು ಹೆಣಗಳ ಮುಂದೆ ನಿಂತರು. ಮಾರ್ಚ್ 20ರ ಭಾನುವಾರ ತಮ್ಮ ಆಡಳಿತದ ಚರ್ಚುಗಳಿಗೆಲ್ಲ ಸೇರಿ ಕೆಥೆಡ್ರಲ್ ಎದುರು ಒಂದೇ ಬಲಿಪೂಜೆ (ಮಾಸ್) ಇಟ್ಟರು. ತನಿಖೆ ಆಗುವವರೆಗೆ ಸರ್ಕಾರಿ ಸಮಾರಂಭಗಳಿಗೆ ಬರುವುದಿಲ್ಲ ಎಂದರು.

ಆಮೇಲಿನ ಮೂರು ವರ್ಷ ಅವರ ಭಾನುವಾರದ ಪ್ರಬೋಧನೆ ರೇಡಿಯೊದಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಬೈಬಲ್ ವಿವರಿಸಿದ ಮೇಲೆ, ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರು ಓದುತ್ತಿದ್ದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಹೆಣವೂ ಸಿಗದಂತೆ ಮಾಡಿದರೆ ಒಬ್ಬನ ಕಥೆ ಮುಗಿಯಿತು ಅಂತ ಕೊಂದವರು ನಂಬಿದ್ದರು. ಸತ್ತವರು ದೇವರ ಕೈಯಲ್ಲಿದ್ದಾರೆ, ಒಂದು ದಿನ ಎದ್ದೇ ಏಳುತ್ತಾರೆ ಅಂತ ನಂಬಿದ್ದ ರೊಮೆರೊಗೆ ಆ ಹೆಸರುಗಳನ್ನು ಬಿಟ್ಟುಕೊಡಲು ಆಗಲಿಲ್ಲ.

ಈ ಧೈರ್ಯದ ಬೇರು ಹಳೆಯದು. ಸತ್ತವರು ಏಳುವುದೇ ಇಲ್ಲ ಅಂದರೆ ನಾವು ಯಾಕೆ ಗಳಿಗೆಗಳಿಗೆಗೂ ಅಪಾಯಕ್ಕೆ ಬೀಳಬೇಕು ಅಂತ ಬೈಬಲ್‌ನಲ್ಲಿ ಸಂತ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಕೇಳುತ್ತಾನೆ. ಯೇಸುವನ್ನು ಶಿಲುಬೆಗೇರಿಸಿದ್ದು ರೋಮ್‌ನ ಅಧಿಕಾರ, ಎಬ್ಬಿಸಿದ್ದು ದೇವರು. ಮೇಲಿನ ಕೋರ್ಟು ಕೆಳಗಿನ ತೀರ್ಪನ್ನು ರದ್ದು ಮಾಡಿದ ಹಾಗೆ, ಅಲ್ವಾ?

ಭಯ ಇರಲಿಲ್ಲ ಅಂತಲ್ಲ. ಕೊಲೆಯಾಗಬಹುದು ಎಂಬ ಹೆದರಿಕೆಯನ್ನು 1980ರ ಫೆಬ್ರವರಿಯ ಧ್ಯಾನಕೂಟದ ಟಿಪ್ಪಣಿಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಆದರೂ ಮಾರ್ಚ್ 23ರಂದು ಸೈನಿಕರಿಗೇ ನೇರವಾಗಿ ಹೇಳಿದರು: ನೀವು ಕೊಲ್ಲುತ್ತಿರುವುದು ನಿಮ್ಮದೇ ರೈತ ಅಣ್ಣತಮ್ಮಂದಿರನ್ನು, ದೇವರ ಕಟ್ಟಳೆಗೆ ವಿರುದ್ಧವಾದ ಆದೇಶವನ್ನು ಪಾಲಿಸಬೇಕಿಲ್ಲ, ದಮನ ನಿಲ್ಲಿಸಿ.

ಮರುದಿನ ಸಂಜೆ, ಕ್ಯಾನ್ಸರ್ ಆಸ್ಪತ್ರೆಯೊಂದರ ಪುಟ್ಟ ಪ್ರಾರ್ಥನಾಲಯದಲ್ಲಿ ಬಲಿಪೂಜೆ. ಅಂದಿನ ವಾಚನ ಯೊವಾನ್ನನ ಶುಭಸಂದೇಶದ್ದು, ಮಣ್ಣಿಗೆ ಬಿದ್ದು ಸತ್ತರೇ ಫಲ ಕೊಡುವ ಗೋಧಿ ಕಾಳಿನ ಮಾತು. ಪ್ರಬೋಧನೆ ಮುಗಿಯುತ್ತಿದ್ದಂತೆ ಬಾಗಿಲ ಕಡೆಯಿಂದ ಒಂದೇ ಗುಂಡು ಬಂತು.

ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ನಡೆದ ಅಂತ್ಯಕ್ರಿಯೆಯಲ್ಲೂ ಬಾಂಬು, ಗುಂಡು. ಸರ್ಕಾರಕ್ಕೂ ಬಂಡಾಯಗಾರರಿಗೂ ನಡುವಿನ ಅಂತರ್ಯುದ್ಧ 1992ರವರೆಗೆ ನಡೆಯಿತು, ಸುಮಾರು 75,000 ಜನ ಸತ್ತರು. 2018ರಲ್ಲಿ ರೊಮೆರೊ ಸಂತರೆಂದು ಘೋಷಣೆಯಾಯಿತು. ಸಾನ್ ಸಾಲ್ವಡಾರ್‌ನ ಕುಸ್ಕತ್ಲಾನ್ ಉದ್ಯಾನದಲ್ಲಿ ಸತ್ತವರ, ಕಾಣೆಯಾದವರ ಸಾವಿರಾರು ಹೆಸರು ಕೆತ್ತಿದ ಉದ್ದನೆಯ ಗೋಡೆ ಇದೆ. ರೊಮೆರೊ ಹೆಸರೂ ಅದರಲ್ಲಿದೆ, ಉಳಿದವರ ನಡುವೆ.