ಸಂದರ್ಶನ ಕೆಟ್ಟಮೇಲೆ ಸರಿಪಡಿಸಲು ಸಾಧ್ಯವೇ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಬ್ಯಾಂಕ್ ಪರೀಕ್ಷೆಗೂ ಓದುತ್ತಿದ್ದೇನೆ. ಮೊನ್ನೆ ಹುಬ್ಬಳ್ಳಿಯ ಕಾರ್ಖಾನೆಯೊಂದರ ಸಂದರ್ಶನದಲ್ಲಿ ನನ್ನದೇ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಮಾತು ನಿಂತುಹೋಯಿತು. ಇಂಗ್ಲಿಷ್ ವಾಕ್ಯ ಅರ್ಧಕ್ಕೇ ಉಳಿಯಿತು. ಅಲ್ಲಿಯೇ ಸರಿಪಡಿಸಿಕೊಳ್ಳಬಹುದಿತ್ತೇ? ಈಗೇನಾದರೂ ಮಾಡಬಹುದೇ?

ಉತ್ತರ: ಫಲಿತಾಂಶ ಬರುವ ಮೊದಲೇ ನೀವು ನಿಮ್ಮ ಮೇಲೆ ತೀರ್ಪು ಬರೆದುಕೊಂಡಿದ್ದೀರಿ. ತಡವರಿಸಿದವರಿಗೆ ತಮ್ಮ ತಡವರಿಕೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದು ಸಹಜ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಅಂಗಿ ತೊಟ್ಟು ಇತರರಿದ್ದ ಕೋಣೆಗೆ ಹೋದ ವಿದ್ಯಾರ್ಥಿಗಳು, ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗುರುತಿಸಿರುತ್ತಾರೆಂದು ಅಂದಾಜಿಸಿದರು. ನಿಜವಾಗಿ ಗುರುತಿಸಿದವರು ಕಾಲುಭಾಗದಷ್ಟೂ ಇರಲಿಲ್ಲ. ಸಂದರ್ಶಕರ ಕೆಲಸವೇ ಗಮನಿಸುವುದಾದ್ದರಿಂದ ಈ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ನಿಮ್ಮ ಅಂದಾಜನ್ನೇ ಪೂರ್ತಿ ನಂಬಬೇಕಾಗಿಲ್ಲ.

ಹಾಗೆಂದು ಪ್ರಾಜೆಕ್ಟ್ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೇರೆ ಪ್ರಶ್ನೆಗೆ “ಗೊತ್ತಿಲ್ಲ” ಎಂದರೆ ಅದು ತಿಳಿವಳಿಕೆಯ ಕೊರತೆಯಷ್ಟೇ ಆಗುತ್ತದೆ. ಸ್ವಂತ ಪ್ರಾಜೆಕ್ಟ್ ಬಗ್ಗೆ ಮೌನವಾದರೆ, ದುಡ್ಡು ಕೊಟ್ಟು ಮಾಡಿಸಿ ತಂದಿರಬಹುದೆಂಬ ಸಂಶಯಕ್ಕೆ ಎಡೆಯಾಗುತ್ತದೆ, ಅಂಥ ಪ್ರಾಜೆಕ್ಟುಗಳು ನಮ್ಮಲ್ಲಿ ಅಪರೂಪವೇನೂ ಅಲ್ಲ. ಇಂಥ ಹೊತ್ತಿನಲ್ಲಿ ಸಿದ್ಧಾಂತವನ್ನು ನೆನಪಿಸಿಕೊಳ್ಳಲು ಹೆಣಗುವ ಬದಲು, ನಿಮ್ಮ ಕೈಯಾರೆ ಮಾಡಿದ ಭಾಗಕ್ಕೆ ಬರಬೇಕು: ಯಾವ ಬಿಡಿಭಾಗವನ್ನು ಲೇತ್‌ನಲ್ಲಿ ನೀವೇ ಮಾಡಿದಿರಿ, ಯಾವ ಅಳತೆ ತಪ್ಪಿತು, ಅದನ್ನು ಹೇಗೆ ಸರಿಮಾಡಿದಿರಿ ಎಂಬುದನ್ನು ಬಾಯಿಪಾಠ ಮಾಡಿರಬೇಕಾಗಿಲ್ಲ. ಆ ಕ್ಷಣಕ್ಕೆ ಅದೂ ಹೊಳೆಯದಿದ್ದರೆ, ಎದ್ದು ಬರುವ ಮುನ್ನ “ಆಗಿನ ಪ್ರಶ್ನೆಗೆ ಈಗ ಉತ್ತರಿಸಬಹುದೇ?” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇಂಗ್ಲಿಷ್ ಕೈಕೊಟ್ಟಾಗ ಕನ್ನಡದಲ್ಲಿ ಹೇಳಿ ಮುಗಿಸಲು ಅನುಮತಿ ಕೇಳಬಹುದು. ಕನ್ನಡ ಮಾತಾಡುವ ಕಾರ್ಮಿಕರೊಡನೆ ದಿನವಿಡೀ ನಿಲ್ಲಬೇಕಾದ ಹುದ್ದೆಗೆ ಅದು ದೋಷವೆನಿಸುವುದು ಕಡಿಮೆ. ಹೊರದೇಶದ ಗ್ರಾಹಕರ ಜೊತೆ ವ್ಯವಹರಿಸುವ ಹುದ್ದೆಯಾದರೆ ಮಾತು ಬೇರೆ.

ಈಗ ಮಾಡಬಹುದಾದದ್ದು, ಸಂದರ್ಶನಕ್ಕೆ ಕರೆದವರಿಗೆ ಒಂದು ಮೇಲ್. ಮೂರು-ನಾಲ್ಕು ವಾಕ್ಯ ಸಾಕು: ಧನ್ಯವಾದ, ಸರಿಯಾಗಿ ಹೇಳಲಾಗದ ಆ ಪ್ರಶ್ನೆ, ಅದರ ಉತ್ತರ. ಬಸ್ಸು ತಡವಾಯಿತು, ಮೈಯಲ್ಲಿ ಹುಷಾರಿರಲಿಲ್ಲ ಎಂಬ ಸಮಜಾಯಿಷಿ ಬೇಡ. ಇದರಿಂದ ತೀರ್ಮಾನ ಬದಲಾಗುತ್ತದೆಂಬ ಖಾತ್ರಿಯಿಲ್ಲ, ಇಬ್ಬರ ನಡುವೆ ಯಾರನ್ನು ಆರಿಸಬೇಕೆಂದು ಅವರು ತೂಗುತ್ತಿದ್ದರೆ ಮಾತ್ರ ಉಪಯೋಗವಾದೀತು. ಅದೇ ವಿಷಯಕ್ಕೆ ಎರಡನೆಯ ಮೇಲ್ ಕಳಿಸಿದರೆ ಪೀಡಿಸಿದಂತೆ. ಮಾವನ ಪರಿಚಯದವರಿಂದ ಫೋನ್ ಮಾಡಿಸುವುದು ಅದಕ್ಕಿಂತಲೂ ಕೆಟ್ಟದ್ದು; ನಮ್ಮ ಕಡೆ ಈ ಸಲಹೆ ಕೊಡದ ಮನೆಯೇ ಇಲ್ಲವಾದರೂ.

ಕೇಳಿದ ಪ್ರಶ್ನೆಗಳನ್ನು, ನೀವು ಕೊಟ್ಟ ಉತ್ತರಗಳ ಸಮೇತ, ಮರೆಯುವ ಮುನ್ನ ಬರೆದಿಡಿ. ಆಮೇಲೆ ಉತ್ತರಗಳನ್ನು ಓದಿಕೊಳ್ಳುವ ಬದಲು ಬಾಯಿಬಿಟ್ಟು ಹೇಳಿ. ಮೆಕ್ಯಾನಿಕಲ್ ಓದದ ಗೆಳೆಯನೊಬ್ಬ ಕೇಳಿಸಿಕೊಂಡು ಅರ್ಥವಾಯಿತೆಂದರೆ ಉತ್ತರ ಹದಕ್ಕೆ ಬಂದಿದೆ. ಊರಿಂದ ಫೋನ್ ಬಂದು “ಇಂಟರ್‌ವ್ಯೂ ಹ್ಯಾಂಗಾತು?” ಎಂದರೆ, ಒಂದು ಪ್ರಶ್ನೆಗೆ ತಡವರಿಸಿದೆ, ಫಲಿತಾಂಶ ಇನ್ನೂ ಬಂದಿಲ್ಲ ಎಂದಷ್ಟೇ ಹೇಳಿ.

ಬ್ಯಾಂಕಿನ ಲೆಕ್ಕ ಬೇರೆ. ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಪ್ರೊಬೇಷನರಿ ಅಧಿಕಾರಿ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೂ ಸಂದರ್ಶನಕ್ಕೂ 80:20ರ ಪ್ರಮಾಣವಿದೆ. ಸಂದರ್ಶನದಲ್ಲಿ ಕನಿಷ್ಠ ಶೇ. 40, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 35 ಅಂಕ ಬೇಕು. ಆ ಗೆರೆ ದಾಟಿದರೆ ಸಂದರ್ಶನದ ಕೊರತೆಯನ್ನು ಲಿಖಿತ ಪರೀಕ್ಷೆಯ ಅಂಕ ತುಂಬಿಕೊಡಬಲ್ಲದು. ಕ್ಲರ್ಕ್ ಹುದ್ದೆಗೆ ಸಂದರ್ಶನವೇ ಇಲ್ಲ. ಹಾಗಾಗಿ ಕಾರ್ಖಾನೆಯ ಉತ್ತರಕ್ಕೆ ಕಾಯುತ್ತ ಆ ಓದನ್ನು ನಿಲ್ಲಿಸಬೇಡಿ.