ಬೆಕ್ಕಿರುವ ಮನೆಯಲ್ಲಿ ಮನಿಪ್ಲಾಂಟ್ ಇಡಬಹುದೇ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕ ಫ್ಲಾಟ್. ಕಿಟಕಿಯಲ್ಲಿ ಮನಿಪ್ಲಾಂಟ್, ಟಿವಿ ಪಕ್ಕದಲ್ಲಿ ಸ್ನೇಕ್ ಪ್ಲಾಂಟ್ ಇವೆ. ಹೋದ ತಿಂಗಳು ತಂದ ಬೆಕ್ಕಿನ ಮರಿ ಸಿಕ್ಕ ಎಲೆಯನ್ನೆಲ್ಲ ಕಚ್ಚುತ್ತದೆ. ಗಿಡಗಳನ್ನೆಲ್ಲ ತೆಗೆದುಬಿಡಬೇಕೇ?

ಎಲ್ಲವನ್ನೂ ತೆಗೆಯಬೇಕಾಗಿಲ್ಲ. ಆದರೆ ಈ ಎರಡೂ ಮರಿಯ ಬಾಯಿಗೆ ಸಿಗಬಾರದು.

ಪತ್ರೊಡೆಗೆಂದು ಕೆಸುವಿನ ಎಲೆ ಹೆಚ್ಚಿದವರಿಗೆ ಕಾರಣ ಬೇಗ ಅರ್ಥವಾಗುತ್ತದೆ. ಹುಣಸೆಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದಲ್ಲ, ಅದು ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಕೆಲಸ. ಸೂಜಿಯಂಥ ಆ ಹರಳುಗಳು ಬಾಯಿಯ ಒಳಚರ್ಮಕ್ಕೆ ನಾಟಿಕೊಳ್ಳುತ್ತವೆ. ಮನಿಪ್ಲಾಂಟ್ ಕೆಸುವಿನ ಕುಟುಂಬದ್ದೇ ಬಳ್ಳಿ. ಡೈಫೆನ್‌ಬಾಕಿಯಾ, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ, ಸಿಂಗೋನಿಯಂ, ಪೀಸ್ ಲಿಲ್ಲಿ ಎಲ್ಲವೂ ಅದೇ ಬಳಗ. ನಾವು ಕೆಸುವನ್ನು ಹುಳಿ ಹಾಕಿ ಬೇಯಿಸಿ ತಿನ್ನುತ್ತೇವೆ, ಬೆಕ್ಕು ಹಸಿಯಾಗಿಯೇ ಅಗಿಯುತ್ತದೆ.

ನಮ್ಮ ಮನೆಯ ಬೆಕ್ಕು ಒಮ್ಮೆ ಬಾಟಲಿಯಲ್ಲಿಟ್ಟಿದ್ದ ಮನಿಪ್ಲಾಂಟಿನ ಚಿಗುರು ಅಗಿದಿತ್ತು. ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ಎಳೆಎಳೆಯಾಗಿ ಇಳಿದು ಎದೆಯ ಕೂದಲೆಲ್ಲ ಒದ್ದೆ. ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತ ಮಂಚದ ಕೆಳಗೆ ಸೇರಿತು. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ ಕುಡಿಯಲು ನೀರಿಟ್ಟೆ. ರಾತ್ರಿಯ ಹೊತ್ತಿಗೆ ಸುಧಾರಿಸಿಕೊಂಡಿತು. ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ನಾಲಿಗೆ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ತಡಮಾಡುವಂತಿಲ್ಲ. ಸ್ನೇಕ್ ಪ್ಲಾಂಟಿನಲ್ಲಿರುವುದು ಸಪೋನಿನ್ ಎಂಬ ರಾಸಾಯನಿಕ, ಅದರಿಂದ ವಾಂತಿ, ಭೇದಿ ಆಗುತ್ತದೆ.

ನನಗೆ ನಿಜಕ್ಕೂ ಭಯವಿರುವುದು ಲಿಲ್ಲಿ ಹೂವಿನ ಬಗ್ಗೆ. ಮದುವೆಮನೆಯ ಅಲಂಕಾರದಲ್ಲಿ, ಹುಟ್ಟುಹಬ್ಬದ ಹೂಗುಚ್ಛದಲ್ಲಿ ಬರುವ ದೊಡ್ಡ ದಳಗಳ ಏಷಿಯಾಟಿಕ್ ಮತ್ತು ಓರಿಯೆಂಟಲ್ ಲಿಲ್ಲಿ ಇವೆಯಲ್ಲ, ಅವು ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಡೇ ಲಿಲ್ಲಿಯೂ ಅಷ್ಟೇ. ಎಲೆ ತಿನ್ನಲೇಬೇಕೆಂದಿಲ್ಲ. ಮೈಗೆ ತಾಗಿದ ಪರಾಗವನ್ನು ನೆಕ್ಕಿಕೊಂಡರೆ, ಹೂದಾನಿಯ ನೀರು ಕುಡಿದರೆ ಸಾಕು. ಮೊದಲು ವಾಂತಿ, ಮಂಕು. ಆಮೇಲೆ ಸ್ವಲ್ಪ ಚೇತರಿಸಿಕೊಂಡಂತೆ ಕಾಣಬಹುದು. ಅದನ್ನು ನಂಬಿ ಮನೆಯಲ್ಲೇ ಕುಳಿತರೆ ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಸೋಲುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ವೈದ್ಯರು ಡ್ರಿಪ್ ಹಾಕಿದರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಬೆಕ್ಕಿರುವ ಮನೆಗೆ ಈ ಹೂವು ಬರಲೇಬಾರದು. ಯಾರಾದರೂ ಪ್ರೀತಿಯಿಂದ ಕೊಟ್ಟರೂ ಬಾಗಿಲಾಚೆಯೇ ಬೇರೆಯವರಿಗೆ ದಾಟಿಸಿ.

ನರ್ಸರಿಯ ಹೆಸರುಗಳನ್ನು ನೆಚ್ಚಿಕೊಳ್ಳಬೇಡಿ. ಪೀಸ್ ಲಿಲ್ಲಿ ನಿಜವಾದ ಲಿಲ್ಲಿಯಲ್ಲ, ಬಾಯಿ ಉರಿಸುತ್ತದೆ, ಮೂತ್ರಪಿಂಡ ಕೆಡಿಸುವುದಿಲ್ಲ. ಲಕ್ಕಿ ಬ್ಯಾಂಬೂ ಬಿದಿರಲ್ಲ, ಡ್ರಸೀನಾ, ಬೆಕ್ಕಿಗೆ ಆಗದು. ಸಾಗೋ ಪಾಮ್ ತಾಳೆಯ ಜಾತಿಯೇ ಅಲ್ಲ, ಯಕೃತ್ತನ್ನು ಹಾಳುಮಾಡುವ ಸೈಕಸ್. ಅದರ ಬೀಜವಂತೂ ಘೋರ ವಿಷ. ನಮ್ಮ ಮನೆಮದ್ದಿನ ಲೋಳೆಸರ, ದೊಡ್ಡಪತ್ರೆಗಳೂ ಬೆಕ್ಕಿಗೆ ಹಿಡಿಸುವುದಿಲ್ಲ, ವಾಂತಿ ಮಾಡಿಸುತ್ತವೆ. ಮಗುವಿನ ಕೆಮ್ಮಿಗೆ ಕೊಡುವ ದೊಡ್ಡಪತ್ರೆ ಬೆಕ್ಕಿಗೇಕೆ ಆಗದು ಎಂದು ಕೇಳುವವರುಂಟು. ಬೆಕ್ಕಿನ ದೇಹ ನಮ್ಮದರಂತೆ ಕೆಲಸ ಮಾಡುವುದಿಲ್ಲ. ಎಷ್ಟೋ ವಸ್ತುಗಳನ್ನು ಅದರ ಯಕೃತ್ತು ನಿಧಾನವಾಗಿ ಕರಗಿಸುತ್ತದೆ.

ಹಾಗಾದರೆ ಏನು ಬೆಳೆಸುವುದು? ಮೂಲೆ ತುಂಬಲು ಅರೆಕಾ ಪಾಮ್. ಮನಿಪ್ಲಾಂಟಿನ ಜಾಗದಲ್ಲಿ ತೂಗುಹಾಕಲು ಸ್ಪೈಡರ್ ಪ್ಲಾಂಟ್ ಅಥವಾ ಬೋಸ್ಟನ್ ಫರ್ನ್. ಬಣ್ಣದ ಎಲೆ ಬೇಕಿದ್ದರೆ ಕ್ಯಾಲೇಥಿಯಾ, ಪೆಪರೋಮಿಯಾ. ಲೋಳೆಸರದ ರೂಪವೇ ಇಷ್ಟವಾದರೆ ಅದೇ ಚಹರೆಯ ಪುಟ್ಟ ಹಾವರ್ಥಿಯಾ. ಹೂವಿಗೆ ಆಫ್ರಿಕನ್ ವಯೊಲೆಟ್, ಫಲೆನಾಪ್ಸಿಸ್ ಆರ್ಕಿಡ್. ಇವು ವಿಷವಲ್ಲ, ಆದರೂ ಹೊಟ್ಟೆತುಂಬ ತಿಂದರೆ ಬೆಕ್ಕು ಕಕ್ಕುತ್ತದೆ.

ಎಲೆ ಕಚ್ಚುವುದು ಮರಿಯ ತುಂಟತನವಷ್ಟೇ ಅಲ್ಲ, ಹುಲ್ಲು ಮೇಯುವುದು ಬೆಕ್ಕಿನ ಹುಟ್ಟುಗುಣ. ಗದರಿದರೆ ಬಿಡುವುದಿಲ್ಲ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ, ಅಗಲ ಬಾಯಿಯ ಕುಂಡದಲ್ಲಿ ತೆಳುವಾಗಿ ಹರಡಿ, ಮೇಲೆ ಬೆರಳು ದಪ್ಪ ಮಣ್ಣು ಮುಚ್ಚಿ. ವಾರ ಹತ್ತು ದಿನಕ್ಕೆ ಗೇಣುದ್ದ ಹಸಿರು ಏಳುತ್ತದೆ. ಕಿಟಕಿಯ ಬಳಿ ಈ ಕುಂಡ ಮರಿಗೇ ಇರಲಿ. ಹದಿನೈದು ದಿನಕ್ಕೊಮ್ಮೆ ಹೊಸದು ಬಿತ್ತಿ.

ಏನಾದರೂ ತಿಂದಿದೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಅಪಾಯ ಹೆಚ್ಚು. ಕಚ್ಚಿದ ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿಕೊಂಡು, ಎಷ್ಟು ಹೊತ್ತಿಗೆ ತಿಂದಿತೆಂದು ಬರೆದುಕೊಂಡು, ನೇರ ಪಶುವೈದ್ಯರಲ್ಲಿಗೆ ಹೊರಡಿ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ನಿಮ್ಮೂರಲ್ಲಿ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿಡಿ.